ದಾರಿ ಬಿಡುವ ನೆಟ್

ನನ್ನ ಕೆಲಸ ಏನೆಂದು ನಮ್ಮೂರು ಬಾಯಾರಿನಲ್ಲಿರುವ ನನ್ನ ಅಣ್ಣನ ತಲೆಗೆ ಇವತ್ತಿಗೂ ಹತ್ತಿಲ್ಲ. ಮದುವೆ ಊಟದಲ್ಲಿ ಯಾರಾದರೂ ಕೇಳಿದರೆ “ನಮ್ಮ ಫ್ಲೇವಿ ಶಾಮಿಯಾನದವರ ಒಟ್ಟಿಗೆ ಉಂಟು” ಎಂದುಬಿಡುತ್ತಾನೆ. ಸಿವಿಲ್ ಡಿಪ್ಲೊಮಾ ಮಾಡಿದ ತಂಗಿಯನ್ನು ಶಾಮಿಯಾನಕ್ಕೆ ಕಟ್ಟಿಹಾಕಿದ ಪುಣ್ಯಾತ್ಮ! ಅವನನ್ನು ಬೈದು ಏನು ಪ್ರಯೋಜನ? ರಸ್ತೆಯ ಮೇಲೆ ಬೆಳಿಗ್ಗೆ ಎದ್ದು ಸಂಜೆಗೆ ಮಾಯವಾಗುವ ಆಟದ ಸಾಮಾನುಗಳನ್ನು ವಿನ್ಯಾಸ ಮಾಡುವುದೂ ಒಂದು ಉದ್ಯೋಗ ಎಂದರೆ ನಮ್ಮೂರಲ್ಲಿ ಯಾರೂ ನಂಬುತ್ತಿರಲಿಲ್ಲ. ಈಗ ಅದಕ್ಕೆಂದೇ ಓದಿ ಬರುವ ಮಕ್ಕಳಿದ್ದಾರೆ. ನಿವೃತ್ತಳಾಗುವ ಮೊದಲು ಅಂಥ ಇಬ್ಬರ ಜೊತೆ ಕೆಲಸ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಅವರು ಬರೆಯುವ ರಸ್ತೆಗಳಲ್ಲಿ ದನ ಮಲಗಿರುವುದಿಲ್ಲ, ಮೀನಿನ ಗಾಡಿ ನಿಂತಿರುವುದಿಲ್ಲ. ಅಂಥ ಮಕ್ಕಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ಈ ಕೆಲಸಕ್ಕೆ ಎಳೆದು ತಂದವರು ದಾಮು ಮಾಸ್ಟ್ರು. ಶಾಲೆಯಲ್ಲಿ ಡ್ರಿಲ್ ಮಾಸ್ಟ್ರಾಗಿದ್ದವರು. ಊರಿನ ಗದ್ದೆಗಳೆಲ್ಲ ಮನೆಗಳಾಗಿ, ಮಕ್ಕಳಿಗೆ ಆಡಲು ಜಾಗವೇ ಇಲ್ಲವೆಂದು ಹೊಟ್ಟೆ ಉರಿದು, ಕಾಸರಗೋಡಿನಲ್ಲಿ ಒಂದು ಹಳೆಯ ಹಂಚಿನ ಗೋದಾಮು ಹಿಡಿದು ವರ್ಕ್‌ಶಾಪ್ ಶುರುಮಾಡಿದ್ದರು. ಕ್ಲಬ್ಬುಗಳು, ಪಂಚಾಯತುಗಳು, ಶಾಲೆಗಳು ಕರೆದಲ್ಲಿಗೆ ಹೋಗಿ ಒಂದು ಭಾನುವಾರದ ಮಟ್ಟಿಗೆ ರಸ್ತೆಯನ್ನು ಆಟದ ಬಯಲು ಮಾಡಿ ಕೊಡುವುದು ನಮ್ಮ ಕಸುಬು. ವೆಲ್ಡಿಂಗ್‌ಗೆ ಸುಂದರ, ಡ್ರಾಯಿಂಗ್‌ಗೆ ನಾನು, ಬೈಯಲಿಕ್ಕೆ ಮಾಸ್ಟ್ರು.

ಮಾಸ್ಟ್ರ ಕಾನೂನುಗಳು ಗಟ್ಟಿ. ರಸ್ತೆಗೆ ಒಂದು ಮೊಳೆಯೂ ಹೊಡೆಯಬಾರದು. ಕರೆಂಟು ಕಂಬಕ್ಕೆ ಹಗ್ಗ ಕಟ್ಟಬಾರದು. ಎಲ್ಲವೂ ಒಂದು ಗೂಡ್ಸ್ ರಿಕ್ಷಾದಲ್ಲಿ ಹಿಡಿಯಬೇಕು. ಇಬ್ಬರು ಎತ್ತಲಾಗದ ವಸ್ತು ನಮ್ಮ ವರ್ಕ್‌ಶಾಪಿನಿಂದ ಹೊರಗೆ ಹೋಗಬಾರದು.

“ರಸ್ತೆ ನಿನ್ನ ಅಪ್ಪನದ್ದಲ್ಲ ಫ್ಲೇವಿ. ನೆರೆಮನೆಯಿಂದ ಪಾತ್ರೆ ತರುದಿಲ್ವಾ, ಹಾಗೆ. ಸಂಜೆಗೆ ತೊಳೆದು ವಾಪಸ್ ಕೊಡ್ಲಿಕ್ಕುಂಟು” ಎನ್ನುತ್ತಿದ್ದರು.

ನಾನು ಏನೇ ಮಾಡಿದರೂ ಮೊದಲು ಅವರೇ ಜೋತುಬಿದ್ದು ನೋಡಬೇಕು. ಬಾಸ್ಕೆಟ್‌ಬಾಲ್ ರಿಂಗಿಗೆ ಬಿಳಿ ಪಂಚೆ ಉಟ್ಟ ಆ ದೊಡ್ಡ ಮನುಷ್ಯ ನೇತಾಡುವುದನ್ನು ನೋಡಿ ದಾರಿಹೋಕರು ಗಾಬರಿಯಾಗಿ ಓಡಿ ಬಂದದ್ದೂ ಉಂಟು.

ನಾವು ಮಾಡಿದ ಎಡವಟ್ಟುಗಳನ್ನು ಹೇಳದೆ ಹೋದರೆ ಈ ಬರಹಕ್ಕೆ ಅರ್ಥವಿಲ್ಲ. ಶುರುವಿನಲ್ಲಿ ಕೋರ್ಟಿನ ಗೆರೆಗಳನ್ನು ಸುಣ್ಣದಲ್ಲಿ ಎಳೆಯುತ್ತಿದ್ದೆವು. ಒಮ್ಮೆ ಆಟದ ನಡುವೆ ಸಣ್ಣ ಮಳೆ ಬಂತು. ಮಕ್ಕಳು ಬರಿಗಾಲಲ್ಲಿ ಅದರ ಮೇಲೆಯೇ ಓಡಿದರು. ಸಂಜೆಗೆ ಕಾಲು ಉರಿ ಎಂದು ಅರ್ಧ ಬೀದಿಯ ತಾಯಂದಿರು ವರ್ಕ್‌ಶಾಪಿನ ಮುಂದೆ ನಿಂತಿದ್ದರು. ಮಾಸ್ಟ್ರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬೈಗುಳವೆಲ್ಲ ನನಗೆ. ಮರುದಿನವೇ ಸುಣ್ಣ ಬಿಟ್ಟು ಅಗಲ ಬಟ್ಟೆಪಟ್ಟಿಗೆ ಬಂದೆವು. ಅದರ ಅಂಚಿನೊಳಗೆ ಮರಳು ತುಂಬಿ ಹೊಲಿದರೆ ಗಾಳಿಗೆ ಏಳುವುದಿಲ್ಲ, ಯಾರೂ ಎಡವುವುದೂ ಇಲ್ಲ. ಈಗಲೂ ಅದೇ ನಡೆಯುತ್ತಿದೆ.

ಕುಂಬ್ಡಾಜೆಯದ್ದು ಇನ್ನೂ ಚೆಂದ. ಅಲ್ಲಿಯ ಒಂದು ಕ್ಲಬ್ಬಿನವರು ಫುಟ್ಬಾಲ್ ಬೇಕೆಂದು ಹಟ ಹಿಡಿದರು. ಸ್ಥಳ ನೋಡಲು ಹೋಗಬೇಕಾದ ದಿನ ನನಗೆ ಜ್ವರ. ಸುಂದರನ ಊರೇ ಅಲ್ಲವೇ ಎಂದು ಅವನನ್ನು ಕೇಳಿದೆ.

“ರಸ್ತೆ ಹೇಗುಂಟು ಸುಂದರ?”

“ಒಳ್ಳೆ ಉಂಟು ಬಾಯಮ್ಮ. ಹೊಸ ಡಾಂಬರು.” ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಕರೆಯುವುದೇ ಬಾಯಮ್ಮ ಎಂದು.

ಡಾಂಬರು ಹೊಸತೇ. ಆದರೆ ರಸ್ತೆ ಏಣಿ ಇಟ್ಟ ಹಾಗೆ ಏರು. ಅಲ್ಲಿಯೇ ಹುಟ್ಟಿ ಬೆಳೆದವನಿಗೆ ಅದು ಏರು ಎಂದೇ ಅನಿಸಿರಲಿಲ್ಲ. ಮೊದಲ ಕಿಕ್ಕಿಗೆ ಚೆಂಡು ಕೆಳಗಿನ ರಬ್ಬರ್ ತೋಟ ಸೇರಿತು. ಎರಡನೆಯದಕ್ಕೂ ಅದೇ ಗತಿ. ಕೆಳಗಿನ ತಂಡ ಇಡೀ ಹೊತ್ತು ಚೆಂಡು ಹುಡುಕುವುದರಲ್ಲೇ ಕಳೆಯಿತು, ಮೇಲಿನ ತಂಡ ಕೂತು ಸೋಡಾ ಕುಡಿಯಿತು. ನನಗೆ ಅಳು ಬರುವುದೊಂದು ಬಾಕಿ. ಕೊನೆಗೆ ಗೋಲುಕಂಬಗಳನ್ನು ಅಡ್ಡ ಮಲಗಿಸಿ, ರಸ್ತೆಯುದ್ದಕ್ಕೂ ಅಲ್ಲಲ್ಲಿ ಬಲೆಯ ಚೀಲ ಕಟ್ಟಿ, ಮೇಲಿನಿಂದ ಚೆಂಡು ಉರುಳಿಸಿ ಯಾವ ಚೀಲಕ್ಕೆ ಬೀಳುತ್ತದೆಂದು ನೋಡುವ ಆಟ ಮಾಡಿದೆವು. ಅಜ್ಜಿಯಂದಿರೂ ಸಾಲು ನಿಂತರು. ಅಲ್ಲಿಂದ ಮೇಲೆ ನಾನು ಕಾಲಲ್ಲಿ ನಡೆದು ನೋಡದ ರಸ್ತೆಗೆ ಪೆನ್ಸಿಲ್ ಮುಟ್ಟಿಸಿದವಳಲ್ಲ.

ಸಾಮಾನುಗಳೂ ಬದಲಾದವು. ಮೊದಲಿಗೆ ಕಬ್ಬಿಣದ ಪೈಪು, ನಟ್ಟು, ಬೋಲ್ಟು, ಸುಂದರನ ಸುತ್ತಿಗೆ. ಒಂದು ಕಂಬ ನಿಲ್ಲಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತಿತ್ತು. ಅದನ್ನು ಬಿಟ್ಟು ಬಿದಿರಿಗೆ ಹೋದೆವು. ಹಗುರವೇನೋ ಹೌದು, ಆದರೆ ಒಂದು ಮಳೆಗಾಲ ಕಳೆದರೆ ಹುಳ ಹಿಡಿಯುತ್ತಿತ್ತು. ಆಮೇಲೆ ಅಲ್ಯೂಮಿನಿಯಂ ಬಂತು, ಕೈಯಲ್ಲೇ ತಿರುಗಿಸಿ ಬಿಗಿಯುವ ಕ್ಲಾಂಪು ಬಂತು. ಕಂಬದ ಬುಡಕ್ಕೆ ನೀರು ತುಂಬಿದ ಕ್ಯಾನುಗಳನ್ನು ಇಡಲು ಶುರುಮಾಡಿದೆವು. ಬರುವಾಗ ಖಾಲಿ, ಅಲ್ಲಿಯ ಬಾವಿಯಿಂದ ತುಂಬಿಸುವುದು, ಹೋಗುವಾಗ ಯಾರದಾದರೂ ತೆಂಗಿನ ಬುಡಕ್ಕೆ ಚೆಲ್ಲುವುದು. ಈ ಉಪಾಯ ನನ್ನದು. ಮಾಸ್ಟ್ರು ಹೋದಲ್ಲೆಲ್ಲ ತಮ್ಮದೆಂದು ಹೇಳುತ್ತಿದ್ದರು. ಹೇಳಲಿ ಬಿಡಿ.

ಇನ್ನು ನಾಯ್ಮಾರ್ಮೂಲೆಯ ಕತೆ. ಇಷ್ಟು ವರ್ಷದ ಕೆಲಸದಲ್ಲಿ ನಿಜವಾಗಿ ನನ್ನ ಬೆವರಿಳಿಸಿದ್ದು ಅದೊಂದೇ.

ಅಲ್ಲಿ ಪೇಟೆಯಿಂದ ಒಳಗೆ ಹೋಗುವ ಒಂದು ರಸ್ತೆ. ಎರಡೂ ಬದಿ ಮನೆಗಳು, ಬಾಯಲ್ಲಿ ನಾಲ್ಕಾರು ಅಂಗಡಿಗಳು, ಕೊನೆಯಲ್ಲಿ ದಾರಿಯಿಲ್ಲ. ಒಳಗೆ ಹೋದವರು ಅದೇ ರಸ್ತೆಯಲ್ಲಿ ಹೊರಗೆ ಬರಬೇಕು. ಅಲ್ಲಿಯ ಹುಡುಗಿಯರು ಸೇರಿ ಒಂದು ವಾಲಿಬಾಲ್ ತಂಡ ಕಟ್ಟಿದ್ದರು. ಹುಡುಗರಿಗಾದರೆ ಎಲ್ಲಿ ಬೇಕಾದರೂ ಮೈದಾನ ಸಿಗುತ್ತದೆ, ಬೈಕು ಹತ್ತಿ ಹೋಗುತ್ತಾರೆ. ಹುಡುಗಿಯರಿಗೆ ಮನೆಯ ಮುಂದಿನ ರಸ್ತೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ತಂಡದ ನಾಯಕಿ ರಂಸೀನಾ, ಕಾಲೇಜಿಗೆ ಹೋಗುವ ಹುಡುಗಿ. ವರ್ಕ್‌ಶಾಪಿಗೆ ಬಂದು, ಕೂರು ಎಂದರೂ ಕೂರದೆ ಕೇಳಿದಳು.

“ಪ್ರತಿ ಭಾನುವಾರ ಬೇಕು ಮೇಡಂ. ಒಂದು ದಿನ ಆಡಿ ಫೋಟೋ ತೆಗೆದು ಬಿಡುದು ನಮಗೆ ಬೇಡ.”

ನನಗೆ ಆ ಮಾತೇ ಹಿಡಿಸಿತು. ವಾರ್ಡ್ ಮೆಂಬರ್ ಒಪ್ಪಿದ್ದರು. ಪೊಲೀಸ್ ಸ್ಟೇಷನ್‌ನಲ್ಲಿ ಒಂದೇ ಮಾತು: ರಸ್ತೆಯವರಲ್ಲಿ ಯಾರೊಬ್ಬರ ತಕರಾರೂ ಇರಬಾರದು.

ತಕರಾರು ಇತ್ತು. ರಸ್ತೆಯ ಬಾಯಲ್ಲಿ ಹಾಸಿಗೆ ಅಂಗಡಿ ಇಟ್ಟುಕೊಂಡಿದ್ದ ಅಬ್ಬಾಸ್ ಕಾಕನದ್ದು. ರಸ್ತೆಗೆ ಅಡ್ಡ ಏನು ಬಂದರೂ ಅವರು ಬಿಡುತ್ತಿರಲಿಲ್ಲವಂತೆ. ಮದುವೆಯ ಚಪ್ಪರಕ್ಕೂ ಜಗಳ, ಜಲ್ಲಿ ರಾಶಿಗೂ ಜಗಳ. “ಅದೊಂದು ಮುಂಗೋಪದ ಜನ ಬಾಯಮ್ಮ, ಹೋಗುದು ಬೇಡ” ಎಂದ ಸುಂದರ. ಮುಂಗೋಪ ನನಗೇನು ಕಮ್ಮಿಯೇ? ಹೋದೆ.

ಅವರು ಹತ್ತಿ ಹಾಸಿಗೆಯೊಂದಕ್ಕೆ ದಬ್ಬಣ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

“ಆಗುದಿಲ್ಲ ಬಾಯಮ್ಮ.”

“ನಾನು ಇನ್ನೂ ಬಾಯೇ ತೆರೆದಿಲ್ಲ ಕಾಕ.”

“ತೆರೆದ್ರೂ ಆಗುದಿಲ್ಲ.”

ನಾನೂ ಬಿಡಲಿಲ್ಲ. ಅಲ್ಲೇ ಇದ್ದ ಹಾಸಿಗೆಯ ಮೇಲೆ ಕೂತೆ. ಹುಡುಗಿಯರಿಗೆ ಬೇರೆ ಜಾಗವಿಲ್ಲ, ಭಾನುವಾರ ಬೆಳಿಗ್ಗೆ ಮಾತ್ರ, ನಾವು ರಸ್ತೆಗೆ ಒಂದು ತೂತೂ ಮಾಡುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ದಬ್ಬಣ ಕೆಳಗಿಟ್ಟರು.

“ಒಂದು ಕ್ಲಬ್ಬಿನ ವಾರ್ಷಿಕಕ್ಕೆ ಇದೇ ರಸ್ತೆಗೆ ಅಡ್ಡ ಸ್ಟೇಜ್ ಹಾಕಿದ್ರು. ಆ ದಿವಸವೇ ನನ್ನ ಹೆಂಡತಿ ಆಯಿಷಾಗೆ ಎದೆನೋವು. ಆಂಬ್ಯುಲೆನ್ಸ್ ಬಂದು ಸ್ಟೇಜಿನ ಆಚೆ ನಿಂತಿತು. ಅವಳನ್ನು ಪ್ಲಾಸ್ಟಿಕ್ ಚೇರಲ್ಲಿ ಕೂರಿಸಿ, ಸ್ಟೇಜಿನ ಅಡಿಯಿಂದ ಬಗ್ಗಿ ಬಗ್ಗಿ ಹೊತ್ತುಕೊಂಡು ಹೋದದ್ದು ನಾವು. ಮಂಗಳೂರು ಮುಟ್ಟುವಾಗ ಮುಗಿದಿತ್ತು. ಬೇಗ ಬಂದಿದ್ರೂ ಆಗ್ತಿರಲಿಲ್ಲ ಅಂತ ಡಾಕ್ಟರ್ ಹೇಳಿದ್ರು. ಅವರು ಹಾಗೆಯೇ ಹೇಳ್ಬೇಕಲ್ಲ ಬಾಯಮ್ಮ, ಮತ್ತೆ ಎಂತ ಹೇಳುದು?”

ಇಲ್ಲಿಯವರಿಗೆ ಮಂಗಳೂರಿನ ಆ ದಾರಿ ಎಂದರೆ ಏನೆಂದು ಬೇರೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ದೊಡ್ಡ ಆಸ್ಪತ್ರೆಗಳೆಲ್ಲ ಅಲ್ಲಿ; ದೊಡ್ಡ ಕಾಯಿಲೆ ಎಂದರೆ ನಮಗೆಲ್ಲ ಅದೇ ದಾರಿ. ನನ್ನ ಅಮ್ಮನೂ ಅದೇ ದಾರಿಯಲ್ಲಿ ಹೋದವಳು. ಹಾಗೆಂದು ಹೇಳಿದೆ. ಅವರು ದಬ್ಬಣ ಮತ್ತೆ ಕೈಗೆತ್ತಿಕೊಂಡರು.

“ಗಾಡಿ ಬಂದ್ರೆ ಅದು ಬ್ರೇಕಿಗೆ ಕಾಲು ಹಾಕ್ಬಾರದು. ಅಷ್ಟು ನಿನ್ನಿಂದ ಆಗುದಾದ್ರೆ ಆಡ್ಲಿ. ಆದ್ರೆ ನಾನು ನೋಡ್ಬೇಕು. ಯಾವಾಗ ನೋಡ್ತೇನೆ ಅಂತ ಹೇಳುದಿಲ್ಲ.”

ವರ್ಕ್‌ಶಾಪಿಗೆ ಬಂದು ಮಾಸ್ಟ್ರಿಗೆ ಹೇಳಿದೆ. ಇಂಥದ್ದಕ್ಕೆ ಜೋರು ಮಾಡುವ ಮನುಷ್ಯ ಆ ದಿನ ಮೆತ್ತಗೆ “ಅವರು ಕೇಳಿದ್ದು ಸರಿಯೇ ಉಂಟಲ್ಲ. ಮಾಡು” ಎಂದರು.

ಮಾಡಿದೆ. ಕಂಬಗಳು ರಸ್ತೆಯ ಎರಡೂ ಅಂಚಿಗೆ, ಡಾಂಬರಿನಿಂದ ಹೊರಗೆ. ಅಡ್ಡ ಇರುವುದು ನೆಟ್ ಒಂದೇ. ಅಂಗಡಿಯ ಬದಿಯ ಕಂಬದಲ್ಲಿ ಒಂದು ಕೊಂಡಿ. ಅದನ್ನು ಕಳಚಿದರೆ ಇನ್ನೊಂದು ಕಂಬದಲ್ಲಿ ರಾಟೆಯ ಮೇಲಿಂದ ನೇತುಬಿಟ್ಟ ಮರಳಿನ ಚೀಲ ಕೆಳಗಿಳಿದು, ಇಡೀ ನೆಟ್ಟನ್ನು ಪರದೆ ಸರಿಸಿದ ಹಾಗೆ ತನ್ನ ಬದಿಗೆ ಎಳೆದುಕೊಳ್ಳುತ್ತದೆ. ಕೊಂಡಿಯ ಹತ್ತಿರ ಇಬ್ಬರು ಗಟ್ಟಿ ಹುಡುಗರನ್ನು ನಿಲ್ಲಿಸಿದೆ. ಅವರಿಗೆ ಬೇರೆ ಕೆಲಸವೇ ಇಲ್ಲ, ಸೈರನ್ ಕೇಳಿದರೆ ಕೊಂಡಿ ಕಳಚುವುದು. ವರ್ಕ್‌ಶಾಪಿನಲ್ಲಿ ಎಷ್ಟೋ ಸಲ ಕಳಚಿ ನೋಡಿದ್ದೆವು. ಒಮ್ಮೆಯೂ ತಪ್ಪಿರಲಿಲ್ಲ.

ಮೊದಲ ಭಾನುವಾರ ಆಟ ರಂಗೇರಿತ್ತು. ಅಬ್ಬಾಸ್ ಕಾಕ ಅಂಗಡಿಯಲ್ಲಿ ಕಾಣಿಸಲಿಲ್ಲ. ಇದ್ದಕ್ಕಿದ್ದ ಹಾಗೆ ಪೇಟೆಯ ಕಡೆಯಿಂದ ಸೈರನ್ ಕೇಳಿತು. ಅವರ ಅಳಿಯ ಓಡಿಸುವ ಆಂಬ್ಯುಲೆನ್ಸ್, ಒಳಗೆ ರೋಗಿ ಇಲ್ಲ, ಕಾಕ ಮುಂದೆ ಕೂತಿದ್ದಾರೆ ಎಂದು ನಮಗೆ ಯಾರಿಗೂ ಗೊತ್ತಿಲ್ಲ.

ಆಮೇಲೆ ನಡೆದದ್ದನ್ನು ನೆನೆದರೆ ಈಗ ನಗು ಬರುತ್ತದೆ. ನಮ್ಮ ಕಡೆಯ ಜನ ಸೈರನ್ ಕೇಳಿದರೆ ಏನು ಮಾಡುತ್ತಾರೆ? ಓಡುತ್ತಾರೆ. ಜಂಕ್ಷನ್‌ಗೆ ಓಡಿ, ಕೈ ಬೀಸಿ, ಬಸ್ಸುಗಳನ್ನು ನಿಲ್ಲಿಸಿ, ರಿಕ್ಷಾಗಳನ್ನು ಬದಿಗೆ ತಳ್ಳಿ ದಾರಿ ಮಾಡಿಕೊಡುತ್ತಾರೆ. ಯಾರೂ ಕಲಿಸಿದ್ದಲ್ಲ, ಮೈಯಲ್ಲೇ ಇದೆ. ಆ ದಿನವೂ ಓಡಿದರು. ನೋಡುತ್ತಿದ್ದವರು ಓಡಿದರು. ಆಡುತ್ತಿದ್ದವರು ಓಡಿದರು. ಕೊಂಡಿಯ ಹತ್ತಿರ ನಿಲ್ಲಿಸಿದ್ದ ಇಬ್ಬರು ಎಲ್ಲರಿಗಿಂತ ಮುಂದೆ ಓಡಿದರು. ಸುಂದರ ಶರ್ಟು ಬಿಚ್ಚಿ ಬೀಸುತ್ತ ಓಡಿದ. ನಾಯ್ಮಾರ್ಮೂಲೆ ಪೇಟೆಯಲ್ಲಿ ಆ ಆಂಬ್ಯುಲೆನ್ಸಿಗೆ ಸಿಕ್ಕಿದ ದಾರಿ ಮಂತ್ರಿಗಳಿಗೂ ಸಿಕ್ಕಿರಲಿಕ್ಕಿಲ್ಲ. ರಾಜಮರ್ಯಾದೆಯಲ್ಲಿ ಒಳಗೆ ತಿರುಗಿ ಬಂದು, ನೆಟ್ಟಿನ ಮುಂದೆ ಕಿರ್ರೆಂದು ನಿಂತಿತು. ಅಲ್ಲಿ ಉಳಿದವಳು ನಾನೊಬ್ಬಳೇ, ಕೊಂಡಿಯಿಲ್ಲದ ಕಂಬದ ಬದಿಯಲ್ಲಿ, ಬಾಯಿ ಬಿಟ್ಟುಕೊಂಡು.

ಕಾಕ ಇಳಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನೆಟ್ಟಿನ ಮೇಲೆ ಒಮ್ಮೆ ಕೈಯಿಟ್ಟರು, ಅಂಗಡಿಗೆ ಹೋಗಿ ಶಟರ್ ಎಳೆದರು.

ಹುಡುಗರು ತಲೆ ತಗ್ಗಿಸಿ ವಾಪಸ್ ಬಂದರು. ರಂಸೀನಾ ಗೆರೆಯ ಬಟ್ಟೆಪಟ್ಟಿಗಳನ್ನು ಸುತ್ತಿಡುತ್ತಿದ್ದಳು. ಅವಳ ಮುಖ ನೋಡಿ ನನಗೆ ತಡೆಯಲಿಲ್ಲ, ಆ ಇಬ್ಬರು ಹುಡುಗರಿಗೆ ಬಾಯಿಗೆ ಬಂದ ಹಾಗೆ ಬೈದೆ.

ಒಬ್ಬ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ: “ನಮಗೆ ನೆನಪೇ ಆಗ್ಲಿಲ್ಲ ಮೇಡಂ. ಸೈರನ್ ಕೇಳಿದ್ರೆ ನಿಲ್ಲಿಕ್ಕೆ ಆಗುದಿಲ್ಲ, ಎಂತ ಮಾಡುದು?”

ಆ ಮಾತು ತಲೆಯಲ್ಲಿ ಕೊರೆಯಿತು. ನಿಲ್ಲಲು ಆಗದವರನ್ನು ನಿಲ್ಲಿಸುವ ವಿನ್ಯಾಸ ಮಾಡಿದ್ದೆ. ಅವರನ್ನು ತಿದ್ದಲು ಹೊರಡುವುದು ಮೂರ್ಖತನ. ಅವರು ಓಡಲೇಬೇಕು. ಓಡಿದರೇ ನೆಟ್ ಸರಿಯಬೇಕು.

ಕಾಲಲ್ಲಿ ಒತ್ತಿದರೆ ಮುಚ್ಚಳ ತೆರೆಯುವ ಕಸದ ಡಬ್ಬಿ ನೋಡಿದ್ದೀರಲ್ಲ, ಅದೇ ಲೆಕ್ಕ, ತಿರುಗಾಮುರುಗಾ. ಕೊಂಡಿಯನ್ನು ಕಂಬದಿಂದ ತೆಗೆದು ಅದರ ಬುಡದಲ್ಲಿಟ್ಟ ಒಂದು ಬೆಂಚಿನ ಅಡಿಗೆ ತಂದೆ. ಬೆಂಚಿನ ಹಲಗೆಗೆ ಸ್ಪ್ರಿಂಗ್. ಯಾರಾದರೂ ಕೂತರೆ ಹಲಗೆ ತಗ್ಗಿ ಕೊಂಡಿ ಹಿಡಿಯುತ್ತದೆ, ನೆಟ್ ಬಿಗಿಯಾಗಿ ನಿಲ್ಲುತ್ತದೆ. ಎದ್ದರೆ ಕೊಂಡಿ ಬಿಡುತ್ತದೆ, ನೆಟ್ ಓಡುತ್ತದೆ. ಯಾರೂ ಏನೂ ನೆನಪಿಡಬೇಕಾಗಿಲ್ಲ.

ಸುಂದರ ಬೆಸುಗೆ ಹಾಕಿದ. ಮಾಸ್ಟ್ರು ಕೂತು ಎದ್ದು, ಕೂತು ಎದ್ದು, ಸೊಂಟ ಹಿಡಿಯುವವರೆಗೆ ಪರೀಕ್ಷೆ ಮಾಡಿದರು. ಕಾಕನ ಅಂಗಡಿಗೆ ಹೋಗಿ ಇನ್ನೊಂದು ಭಾನುವಾರ ಕೊಡಿ ಎಂದೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡು ಸಾಮಾನು ಇಳಿಸಿದೆ.

ಆ ಭಾನುವಾರ ಬೆಂಚಿನಲ್ಲಿ ಬೀದಿಯ ಮೂವರು ಗಂಡಸರನ್ನು ಕೂರಿಸಿದೆ. ರಂಸೀನಾ ಹಾರಿ ಮೊದಲ ಸ್ಮ್ಯಾಶ್ ಹೊಡೆದಳು. ಮೂವರೂ “ಓಹೋ!” ಎಂದು ಎದ್ದು ನಿಂತು ಚಪ್ಪಾಳೆ ಹೊಡೆದರು. ನೆಟ್ ಸರ್ರೆಂದು ಆಚೆ ಹೋಯಿತು. ಮತ್ತೆ ಕಟ್ಟಿದೆವು. ಮತ್ತೊಂದು ಪಾಯಿಂಟ್, ಮತ್ತೆ ಎದ್ದರು. ಹೆಂಗಸರನ್ನು ಕೂರಿಸಿ ನೋಡಿದೆವು, ಅವರು ಮಗಳು ಬಿದ್ದಳೆಂದು ಎದ್ದರು. ಚೆಂಡು ಗಾಳಿಯಲ್ಲಿರುವಾಗಲೇ ನೆಟ್ ಮಾಯವಾಗಿ ಎರಡೂ ತಂಡಗಳು ಮುಖಮುಖ ನೋಡಿಕೊಂಡು ನಿಂತವು. ಮಾಸ್ಟ್ರು ಹಣೆ ಹಣೆ ಚಚ್ಚಿಕೊಂಡರು.

ಅಂಗಡಿಯಿಂದ ಅಬ್ಬಾಸ್ ಕಾಕ ಇಳಿದು ಬಂದರು.

“ಏಳಿ ಮಾರಾಯ್ರೆ ಅಲ್ಲಿಂದ. ಒಂದು ಕಡೆ ಕೂರ್ಲಿಕ್ಕೂ ಬರುದಿಲ್ವಾ ನಿಮಗೆ?”

ಎಲ್ಲರನ್ನೂ ಎಬ್ಬಿಸಿ ತಾವೇ ಕೂತರು. ಕೈಯಲ್ಲಿ ಕೊಡೆ, ಮುಖ ಪೇಟೆಯ ಕಡೆಗೆ.

“ನಾನು ಆಟ ನೋಡ್ಲಿಕ್ಕೆ ಕೂತದ್ದಲ್ಲ ಬಾಯಮ್ಮ. ರಸ್ತೆ ನೋಡ್ಲಿಕ್ಕೆ.”

“ಗೊತ್ತುಂಟು ಕಾಕ.”

ಅಲ್ಲಿಂದ ಆಟ ನಡೆಯಿತು. ಪ್ರತಿ ಭಾನುವಾರ ಅವರು ಬರುತ್ತಿದ್ದರು, ಕೂರುತ್ತಿದ್ದರು, ಆಟ ಮುಗಿಯುವವರೆಗೆ ಅಲ್ಲಾಡುತ್ತಿರಲಿಲ್ಲ. ಚೆಂಡು ಮೈಗೆ ಬಂದು ಬಡಿದರೂ ಕೊಡೆಯಿಂದ ತಳ್ಳಿ ಮತ್ತೆ ರಸ್ತೆಯ ಕಡೆ ತಿರುಗುತ್ತಿದ್ದರು. ಯಾರು ಗೆದ್ದರೆಂದು ಒಂದು ದಿನವೂ ಕೇಳಲಿಲ್ಲ. ಅವರು ಜ್ವರ ಎಂದು ಬಾರದ ವಾರ ಹುಡುಗಿಯರು ಆಡಲಿಲ್ಲ. ಬೇರೆ ಯಾರನ್ನಾದರೂ ಕೂರಿಸಬಹುದಿತ್ತು. ಯಾರೂ ಕೂರಲಿಲ್ಲ.

ಮಳೆಗಾಲ ಕಳೆದು ಮತ್ತೆ ಶುರುವಾದ ಮೇಲೆ ಒಂದು ಭಾನುವಾರ. ಕಂಬದ ಕ್ಯಾನು ಸೋರುತ್ತದೆಂದು ನೋಡಲು ನಾನೂ ಹೋಗಿದ್ದೆ. ಎರಡೂ ತಂಡ ಸಮಸಮ, ಕೊನೆಯ ಸೆಟ್. ಸೈರನ್ ಕೇಳಿತು. ಈ ಸಲ ಪರೀಕ್ಷೆಯಲ್ಲ, ಕಾಕ ಬೆಂಚಿನಲ್ಲೇ ಇದ್ದಾರೆ.

ಅವರು ಎದ್ದರು. ನೆಟ್ ಸರಿಯಿತು. ಜನ ತಮ್ಮ ಅಭ್ಯಾಸದ ಹಾಗೆ ಜಂಕ್ಷನ್‌ಗೆ ಓಡಿದರು. ಆಂಬ್ಯುಲೆನ್ಸ್ ಬಂತು, ಬಂದ ವೇಗದಲ್ಲೇ ನಮ್ಮನ್ನು ದಾಟಿ ಒಳಗೆ ಹೋಯಿತು. ಬ್ರೇಕಿನ ಕೆಂಪು ದೀಪ ಹೊತ್ತಲಿಲ್ಲ. ನಾನು ನೋಡಿದೆ. ಕಾಕನೂ ಅದನ್ನೇ ನೋಡುತ್ತಿದ್ದರು.

ಯಾರ ಮನೆಗೆ ಹೋಯಿತೋ ಗೊತ್ತಿಲ್ಲ. ಹುಡುಗಿಯರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಸ್ವಲ್ಪ ಹೊತ್ತಿನಲ್ಲಿ ಅದು ರೋಗಿಯನ್ನು ಹಾಕಿಕೊಂಡು ಹೊರಗೆ ಬಂತು, ಅದೇ ವೇಗದಲ್ಲಿ ಪೇಟೆ ಸೇರಿ ಮಂಗಳೂರಿನ ಕಡೆ ತಿರುಗಿತು. ಸೈರನ್ ಸಣ್ಣದಾಗುತ್ತ ಹೋಗಿ ಕೊನೆಗೆ ಕೇಳಿಸದಾಯಿತು.

ಕಾಕ ನಿಂತೇ ಇದ್ದರು. ರಂಸೀನಾ ನೆಟ್ಟಿನ ಹಗ್ಗದ ತುದಿಯನ್ನು ಎಳೆದು ತಂದು ಬೆಂಚಿನ ಪಕ್ಕ ನಿಂತಳು. ಅವರು ಕೂರದೆ ಕೊಂಡಿ ಹಿಡಿಯುವುದಿಲ್ಲ. ಕೂರಿ ಎಂದು ಹೇಳುವ ಧೈರ್ಯ ಅವಳಿಗಿಲ್ಲ, ನನಗೂ ಇಲ್ಲ. ಇವರು ಇನ್ನು ಕೂರುವುದಿಲ್ಲ, ಈ ಬೀದಿಯ ಆಟ ಇವತ್ತಿಗೆ ಮುಗಿಯಿತು ಎಂದೇ ನನಗೆ ಅನಿಸಿತು.

ಅವರು ಒಮ್ಮೆ ಪೇಟೆಯ ಕಡೆ ನೋಡಿದರು. ಕಣ್ಣು ಒರೆಸಿಕೊಂಡರು. ಬೆಂಚಿನ ಮೇಲೆ ಕೂತರು. ಅಡಿಯಲ್ಲಿ ಕೊಂಡಿ ಟಕ್ಕೆಂದು ಹಿಡಿಯಿತು. ಆಮೇಲೆ ಎಂದೂ ಮಾಡದ ಕೆಲಸ ಮಾಡಿದರು. ರಸ್ತೆಗೆ ಬೆನ್ನು ಹಾಕಿ, ಹುಡುಗಿಯರ ಕಡೆ ತಿರುಗಿದರು.

“ಎಂತ ನೋಡುದು ನೀವೆಲ್ಲ ನನ್ನ ಮುಖ? ಸರ್ವಿಸ್ ಯಾರದ್ದು?”